ಬೊಜ್ಜು, ಕತ್ತರಿ ಮತ್ತು ಲಿವರ್

ಬೊಜ್ಜು ಇಳಿಸುವ ಶಸ್ತ್ರಚಿಕಿತ್ಸೆಯನ್ನು ಲಿವರ್ ಉಳಿಸುವ ದಾರಿಗಳಲ್ಲಿ ಒಂದೆಂದು ಇಂದಿನ ವೈದ್ಯರು ಎಣಿಸುತ್ತಾರೆ. ಇದೇ ಚಿಕಿತ್ಸೆಯ ಮೊದಲ ರೂಪ ಲಿವರನ್ನೇ ಕೆಡಿಸಿ ಜನರ ಜೀವ ತೆಗೆದಿತ್ತು.

1954ರಲ್ಲಿ ಅಮೆರಿಕದ ಮಿನೆಸೋಟಾದ ಶಸ್ತ್ರವೈದ್ಯರಾದ ಕ್ರೆಮೆನ್ ಮತ್ತು ಲಿನರ್, ಸಣ್ಣಕರುಳಿನ ಬಹುಭಾಗವನ್ನು ಆಹಾರದ ದಾರಿಯಿಂದ ಬದಿಗೆ ಸರಿಸುವ ಬೈಪಾಸನ್ನು ಮುಂದಿಟ್ಟರು. ಲೆಕ್ಕ ಸರಳ: ಸುಮಾರು ಇಪ್ಪತ್ತು ಅಡಿ ಕರುಳಿನಲ್ಲಿ ಒಂದೂವರೆ ಅಡಿಯಷ್ಟೇ ಕೆಲಸ ಮಾಡಿದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ತೂಕವೇನೋ ಇಳಿಯಿತು. ಆದರೆ ಬಳಕೆ ತಪ್ಪಿದ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದವು, ಮೈಯಲ್ಲಿ ಪ್ರೋಟೀನ್ ಕಡಿಮೆಯಾಯಿತು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು. ಕೆಲವರ ಲಿವರ್ ತಿಂಗಳುಗಳಲ್ಲೇ ಕೈಕೊಟ್ಟಿತು, ಕೆಲವರದು ವರ್ಷಗಳ ಮೇಲೆ. ಎಷ್ಟೋ ಜನರ ಹೊಟ್ಟೆಯನ್ನು ಮತ್ತೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. 1980ರ ದಶಕದ ಹೊತ್ತಿಗೆ ಆ ವಿಧಾನ ಮೂಲೆಗೆ ಬಿತ್ತು.

ಅಷ್ಟರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಬೇರೆ ದಾರಿ ಹಿಡಿದಿದ್ದರು. ಹುಣ್ಣಿಗೆಂದು ಜಠರದ ಭಾಗ ತೆಗೆಸಿಕೊಂಡವರು ದಪ್ಪವಾಗುವುದಿಲ್ಲ ಎಂಬುದನ್ನು ಕಂಡು, 1966ರಲ್ಲಿ ಕರುಳಿನ ಬದಲು ಜಠರವನ್ನೇ ಕಿರಿದು ಮಾಡುವ ಬೈಪಾಸ್ ನಡೆಸಿದರು. ಇಂದಿನ ವಿಧಾನಗಳು ಬಹುಪಾಲು ಈ ಕವಲಿನವು.

ಕುಡಿಯದವರ ಲಿವರ್ ಕೂಡ ಕುಡುಕರ ಲಿವರಿನಂತೆ ಕೆಡುವ ಕಾಯಿಲೆಗೆ 1980ರಲ್ಲಿ ಹೆಸರು ಕೊಟ್ಟವರು ಮೇಯೋ ಕ್ಲಿನಿಕ್‌ನ ಲುಡ್ವಿಗ್ ಮತ್ತು ಸಂಗಡಿಗರು. ಅವರು ನೋಡಿದ್ದು ಬರೀ 20 ರೋಗಿಗಳನ್ನು, ಹೆಚ್ಚಿನವರು ಸ್ಥೂಲಕಾಯದವರು. ವಿಚಿತ್ರವೆಂದರೆ ಅದೂ ಮಿನೆಸೋಟಾದಲ್ಲೇ. 2021ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಇಂಥ 1,158 ರೋಗಿಗಳ ದಾಖಲೆ ಹೋಲಿಸಿತು. ಹತ್ತು ವರ್ಷದಲ್ಲಿ ಲಿವರಿನ ಗಂಭೀರ ತೊಂದರೆಗೆ ಸಿಕ್ಕವರು ಶಸ್ತ್ರಚಿಕಿತ್ಸೆ ಆದವರಲ್ಲಿ ಶೇ. 2.3, ಆಗದವರಲ್ಲಿ ಶೇ. 9.6. ಇದು ಚೀಟಿ ಎತ್ತಿ ಹಂಚಿ ನಡೆಸಿದ ಪರೀಕ್ಷೆಯಲ್ಲ, ಹಾಗಾಗಿ ಒಂದಿಷ್ಟು ಎಚ್ಚರದಿಂದ ಓದಬೇಕು.

ಹಳೆಯ ಬೈಪಾಸಿನಲ್ಲಿ ಲಿವರ್ ಕೆಟ್ಟದ್ದು ಆಪರೇಷನ್ ಟೇಬಲ್ಲಿನ ಮೇಲಲ್ಲ, ರೋಗಿ ಮನೆಗೆ ಹೋದ ಮೇಲೆ. ಇಂದಿನ ಬೈಪಾಸಿನಲ್ಲೂ ಬಿ12, ಕಬ್ಬಿಣಾಂಶ, ರಕ್ತಪರೀಕ್ಷೆ ಜೀವನಪೂರ್ತಿ ತಪ್ಪುವುದಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದವರನ್ನು ನೆನೆದಾಗ ನನಗೆ ಅಳುಕಾಗುವುದು ಇಲ್ಲೇ. ಈ ಕಡೆಯವರು ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿಗೋ ಧಾರವಾಡಕ್ಕೋ ಬೆಳಗಾವಿಗೋ ಬಸ್ಸು ಹತ್ತುತ್ತಾರೆ. 2022ರಲ್ಲಿ ಉತ್ತರ ಕನ್ನಡದಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಕೂಗು ಎದ್ದಾಗ ಕಣ್ಣೆದುರು ಇದ್ದದ್ದು ತುರ್ತು ರೋಗಿಗಳು. ಹೊಟ್ಟೆಯ ಬೈಪಾಸ್ ಆದವರು ತುರ್ತಿನವರಲ್ಲ. ಆಪರೇಷನ್ನಿಗೆ ಸಾಲ ಮಾಡಿಯಾದರೂ ಒಮ್ಮೆ ಹೋಗಿ ಬರಬಹುದು. ರಕ್ತ ತೋರಿಸಲು ವರ್ಷವರ್ಷವೂ ಹೋಗಬೇಕು. ಆ ಎರಡನೆಯ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುವಂತಾದರೆ ಈ ಚಿಕಿತ್ಸೆ ಜೋಯಿಡಾಕ್ಕೂ ಬಂತೆನ್ನಬಹುದು.