ಸಿಪಾಯಿ ಹೆಂಡತಿಯ ಹೊಸ್ತಿಲು, ದಾನಿಗಳ ದುಡ್ಡು

ಡಿಸೆಂಬರ್ 7 ಬಂತೆಂದರೆ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಸಣ್ಣ ಸಣ್ಣ ಕಾಗದದ ಬಾವುಟ ಹಂಚುತ್ತಿದ್ದರು. ಸೈನಿಕರ ನಿಧಿಗೆ ಅಂತ ಮಾರನೇ ದಿನ ದುಡ್ಡು ತರಬೇಕು. ಅವ್ವ ಕೂಲಿ ದುಡ್ಡಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಡುತ್ತಾ ಪ್ರತಿ ವರ್ಷ ಒಂದೇ ಮಾತು ಕೇಳ್ತಿದ್ದಳು: "ಇದು ಯಾರ ಕೈ ಸೇರ್ತದೆ ಮಗ?" ನನಗೆ ಗೊತ್ತಿರಲಿಲ್ಲ. ಮೇಷ್ಟ್ರನ್ನು ಕೇಳಿದರೆ "ದೇಶಕ್ಕೆ" ಅಂದರು. ದೇಶಕ್ಕೆ ಸರಿ, ಯಾವ ಮನೆಯ ಯಾವ ಒಲೆಗೆ ಅನ್ನೋದು ಅವ್ವನ ಪ್ರಶ್ನೆ.

ನಮ್ಮಲ್ಲಿ ಈ ಧ್ವಜ ದಿನ ಶುರುವಾದದ್ದು 1949ರಲ್ಲಿ. ಆದರೆ ಜನರಿಂದ ವಂತಿಗೆ ಎತ್ತಿ ಸಿಪಾಯಿಯ ಸಂಸಾರಕ್ಕೆ ಕೊಡುವ ಪದ್ಧತಿ ನಮ್ಮ ಸೈನ್ಯದ ಕವಾಯತು, ಕಹಳೆಗಳ ಹಾಗೇ ಇಂಗ್ಲಿಷರಿಂದ ಬಂದದ್ದು. ಅವ್ವನ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಇಂಗ್ಲೆಂಡಿನ ಚರಿತ್ರೆಗೆ ಹೋಗಬೇಕಾಯಿತು. ಅಲ್ಲಿ ಕಂಡದ್ದು ಲಂಡನ್ನಿನ ಕತೆಯೇ ಆದರೂ ನನಗೆ ನಮ್ಮ ಕೇರಿಯ ಕತೆಯಂತೆ ಕಂಡಿತು.

1803ರಲ್ಲಿ, ನೆಪೋಲಿಯನ್ನನ ಜೊತೆ ಯುದ್ಧ ನಡೆಯುತ್ತಿದ್ದಾಗ, ಲಂಡನ್ನಿನ ಲಾಯ್ಡ್ಸ್ ವ್ಯಾಪಾರಿಗಳು ಒಂದು ದೇಶಭಕ್ತಿ ನಿಧಿ ಕಟ್ಟಿದರು. ಗಾಯಗೊಂಡವರಿಗೆ, ಸತ್ತವರ ಹೆಂಡಿರು ಮಕ್ಕಳಿಗೆ ಸಹಾಯ ಮಾಡೋದು ಒಂದು ಉದ್ದೇಶ. ಶೌರ್ಯ ತೋರಿದವರಿಗೆ ಗೌರವ ಸಲ್ಲಿಸೋದು ಇನ್ನೊಂದು. ಈ ಎರಡನೆಯದಕ್ಕೆ ಏನು ಮಾಡಿದರು ನೋಡಿ. ಅಧಿಕಾರಿಗಳಿಗೆ ಕತ್ತಿ ಮಾಡಿಸಿಕೊಟ್ಟರು. ದೊಡ್ಡ ಅಧಿಕಾರಿಗೆ 100 ಪೌಂಡಿನ ಕತ್ತಿ, ಅವನ ಕೆಳಗಿನವನಿಗೆ 50 ಪೌಂಡಿನದು, ಇನ್ನೂ ಕೆಳಗಿನವನಿಗೆ 30 ಪೌಂಡಿನದು. ಕತ್ತಿ ಬೇಡ ಅಂದವನಿಗೆ ಬೆಳ್ಳಿಯ ಹೂದಾನಿಯೂ ಉಂಟು. ಶೌರ್ಯಕ್ಕೂ ಅಂತಸ್ತಿನ ಅಳತೆ! ಫಿರಂಗಿ ಎಳೆದ ನಾವಿಕನಿಗೆ ಕತ್ತಿ ಸಿಗಲಿಲ್ಲ. ಹೀಗೇ ಮಾಡಿದರೆ ಗಾಯಾಳುಗಳಿಗೆ, ವಿಧವೆಯರಿಗೆ ದುಡ್ಡು ಉಳಿಯೋದಿಲ್ಲ ಅಂತ 1809ರಲ್ಲಿ ಈ ಉಡುಗೊರೆಗಳನ್ನು ನಿಲ್ಲಿಸಿದರು. ಅವತ್ತಿನ ಆ ಕತ್ತಿಗಳು ಇವತ್ತು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಯಲ್ಲಿ ಮಿರಮಿರ ಮಿಂಚುತ್ತಿವೆ.

ನಿಜವಾದ ಕತೆ ಶುರುವಾಗೋದು 1854ರಲ್ಲಿ. ಆ ವರ್ಷ ಬ್ರಿಟನ್ನು ಕ್ರಿಮಿಯಾ ಯುದ್ಧಕ್ಕೆ ಇಳಿಯಿತು. ಆ ಸೈನ್ಯದಲ್ಲಿ ಸಾಮಾನ್ಯ ಸಿಪಾಯಿ ಮದುವೆಯಾಗಬೇಕಾದರೆ ಮೇಲಿನವರ ಅಪ್ಪಣೆ ಬೇಕಿತ್ತು. ನೂರಕ್ಕೆ ಐದಾರು ಜನಕ್ಕೆ ಮಾತ್ರ ಆ ಅಪ್ಪಣೆ. ಅವರ ಹೆಂಡಿರ ಹೆಸರು ಪಡೆಯ ಪಟ್ಟಿಗೆ ಹತ್ತುತ್ತಿತ್ತು. ಉಳಿದವರು ಅಪ್ಪಣೆಯಿಲ್ಲದೆ ಮದುವೆಯಾದರೆ ಆ ಹೆಂಗಸು ಸೈನ್ಯದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಹಡಗು ಹೊರಡುವಾಗ ಯಾವ ಹೆಂಡತಿ ಗಂಡನ ಜೊತೆ ಹೋಗಬಹುದು ಅಂತ ಚೀಟಿ ಎತ್ತುತ್ತಿದ್ದರು. ಚೀಟಿ ಬಾರದವಳು ದಡದಲ್ಲೇ ಉಳಿದಳು. ಗಂಡ ಸತ್ತರೆ ಅಧಿಕಾರಿಯ ವಿಧವೆಗೆ ಸರ್ಕಾರದ ಪಿಂಚಣಿ ಇತ್ತು, ಸಿಪಾಯಿಯ ವಿಧವೆಗೆ ಏನೂ ಇರಲಿಲ್ಲ.

ಈ ಹೆಂಗಸರಿಗಾಗಿ 1854ರ ಅಕ್ಟೋಬರಿನಲ್ಲಿ ರಾಣಿ ವಿಕ್ಟೋರಿಯಾ ಒಂದು ಆಯೋಗ ನೇಮಿಸಿದಳು. ರಾಯಲ್ ಪೇಟ್ರಿಯಾಟಿಕ್ ಫಂಡ್ ಅಂತ ಅದರ ಹೆಸರು. ರಾಣಿಯ ಗಂಡ ಆಲ್ಬರ್ಟನೇ ಅಧ್ಯಕ್ಷ. ದುಡ್ಡು ಹೊಳೆಯಂತೆ ಹರಿದು ಬಂತು. ಶ್ರೀಮಂತರು ಕೊಟ್ಟರು, ಚರ್ಚಿನ ತಟ್ಟೆಗೆ ಬಿತ್ತು, ಕೂಲಿಕಾರರೂ ಕೊಟ್ಟರು, ವಸಾಹತುಗಳಿಂದಲೂ ಬಂತು. ಒಟ್ಟು 14 ಲಕ್ಷ ಪೌಂಡಿಗೂ ಮೇಲೆ. ಆ ಕಾಲದಲ್ಲಿ ಒಬ್ಬ ಬೇಸಾಯದ ಕೂಲಿಯವನ ವಾರದ ಗಳಿಕೆ ಅರ್ಧ ಪೌಂಡಿನ ಆಸುಪಾಸು ಅನ್ನೋದನ್ನ ಮನಸ್ಸಲ್ಲಿಟ್ಟುಕೊಂಡು ಈ ಮೊತ್ತವನ್ನು ನೋಡಬೇಕು.

ಹಣವನ್ನು ಆಯೋಗ ತಿಂದುಹಾಕಿತು ಅಂತ ನಾನು ಹೇಳ್ತಿಲ್ಲ. ಹಾಗೆ ಹೇಳೋದು ಸುಲಭ, ಆದರೆ ಸುಳ್ಳು. ಸಾವಿರಾರು ವಿಧವೆಯರಿಗೆ, ತಬ್ಬಲಿಗಳಿಗೆ ವಾರ ವಾರ ಹಣ ಸಿಕ್ಕಿತು, ಒಲೆ ಉರಿಯಿತು. ಕೇಳಬೇಕಾದ್ದು ಬೇರೆ. ಆ ಹಣ ಹೊಸ್ತಿಲು ದಾಟಿ ಒಳಗೆ ಬರುವಾಗ ತನ್ನ ಜೊತೆ ಏನನ್ನು ಕರಕೊಂಡು ಬಂತು?

ಅಧಿಕಾರಿಯ ಹೆಂಡತಿಗೆ ಒಂದು ದರ, ಸಿಪಾಯಿಯ ಹೆಂಡತಿಗೆ ಇನ್ನೊಂದು. ಇದು ಮೊದಲನೆಯದು. ಆಮೇಲೆ ನಡತೆಯ ಪ್ರಶ್ನೆ. ವಿಧವೆ ಕುಡಿದಳಂತೆ, ಯಾವನನ್ನೋ ಮನೆಗೆ ಸೇರಿಸಿಕೊಂಡಳಂತೆ ಅಂತ ಸುದ್ದಿ ಮುಟ್ಟಿದರೆ ವಾರದ ಹಣ ನಿಂತಿತು. ಸುದ್ದಿ ಮುಟ್ಟಿಸೋರು ಯಾರು? ಊರಿನ ಪಾದ್ರಿಯಂಥ ದೊಡ್ಡ ಮನುಷ್ಯರು. ಮರುಮದುವೆಯಾದರೂ ಹಣ ನಿಂತಿತು. ಸೈನ್ಯದಲ್ಲಿ ಐರ್ಲೆಂಡಿನ ಬಡ ಕ್ಯಾಥೊಲಿಕರು ಬಹಳ ಇದ್ದರು. ನಮ್ಮ ತಬ್ಬಲಿಗಳನ್ನು ಪ್ರಾಟೆಸ್ಟೆಂಟ್ ಮತಕ್ಕೆ ಎಳೀತಿದ್ದಾರೆ ಅಂತ ಅವರ ಕಡೆಯವರು ಆಯೋಗದ ಮೇಲೆ ಬಹಿರಂಗವಾಗಿ ದೂರಿದರು. ಸತ್ತವನ ನಡತೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಗುಂಡಿಗೆ ಎದೆ ಕೊಡೋನಿಗೆ ಯೋಗ್ಯತಾ ಪತ್ರ ಬೇಡ, ಅವನ ಹೆಂಡತಿ ರೊಟ್ಟಿ ತಿನ್ನಬೇಕಾದರೆ ಬೇಕು.

ಇನ್ನು ಕಲ್ಲಿನ ಕಟ್ಟಡದ ವಿಷಯ. ಸತ್ತ ಸಿಪಾಯಿಗಳ, ನಾವಿಕರ ಹೆಣ್ಣುಮಕ್ಕಳಲ್ಲಿ 300 ಜನಕ್ಕೆ ಅಂತ ಲಂಡನ್ನಿನ ವಾಂಡ್ಸ್‌ವರ್ತಿನಲ್ಲಿ ಒಂದು ಆಶ್ರಮ ಕಟ್ಟಿಸಿದರು. 1857ರ ಜುಲೈನಲ್ಲಿ ರಾಣಿಯೇ ಬಂದು ಅಡಿಗಲ್ಲು ಇಟ್ಟಳು, 1859ರಲ್ಲಿ ಬಾಗಿಲು ತೆರೆಯಿತು. ಗೋಪುರಗಳು, ಅಂಗಳಗಳು, ದೂರದಿಂದ ನೋಡಿದರೆ ಕೋಟೆಯೇ. ಒಳಗೆ ಹುಡುಗಿಯರು ಒಗೆಯುತ್ತಿದ್ದರು, ಉಜ್ಜುತ್ತಿದ್ದರು, ಹೊಲಿಯುತ್ತಿದ್ದರು. ಅವರನ್ನು ತಯಾರು ಮಾಡುತ್ತಿದ್ದದ್ದು ಮನೆಗೆಲಸಕ್ಕೆ. ಯಾರ ಮನೆಯ ಕೆಲಸಕ್ಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ವಂತಿಗೆ ಕೊಟ್ಟ ಉಳ್ಳವರ ಮನೆಗೇ ಪಾತ್ರೆ ತೊಳೆಯುವ ಕೈಗಳು ಆ ವಂತಿಗೆಯಿಂದಲೇ ಸಿದ್ಧವಾದವು. 1860ರ ದಶಕದಲ್ಲಿ, ಶಿಕ್ಷೆ ಅಂತ ಕೋಣೆಯೊಳಗೆ ಕೂಡಿಹಾಕಿದ್ದ ಒಬ್ಬ ಹುಡುಗಿ ಬೆಂಕಿಗೆ ಸಿಕ್ಕಿ ಸತ್ತಳು. ಗಲಾಟೆ ಆಯಿತು. ಆಶ್ರಮ ನಡೆಯುತ್ತಲೇ ಇತ್ತು. ಆ ಕಟ್ಟಡ ಮೊದಲ ಮಹಾಯುದ್ಧದಲ್ಲಿ ಆಸ್ಪತ್ರೆಯಾಯಿತು, ಎರಡನೆಯದರಲ್ಲಿ ಪರದೇಶದಿಂದ ಬಂದವರನ್ನು ವಿಚಾರಣೆ ಮಾಡುವ ಜಾಗವಾಯಿತು. ಈಗ ಅದರಲ್ಲಿ ವಾಸದ ಮನೆಗಳಿವೆ.

ಉಳಿದ ದುಡ್ಡು? ಬಡ್ಡಿಗೆ ಹಾಕಿದರು. ವಿಧವೆಯರು ಇನ್ನೂ ನಲವತ್ತು ಐವತ್ತು ವರ್ಷ ಬದುಕ್ತಾರೆ, ಅಷ್ಟು ಕಾಲಕ್ಕೂ ಬೇಕು ಅನ್ನೋದು ಆಯೋಗದ ವಾದ. ಅದರಲ್ಲಿ ನ್ಯಾಯ ಇಲ್ಲದಿಲ್ಲ. ಒಂದೇ ವರ್ಷ ಹಂಚಿ ಕೈ ತೊಳಕೊಂಡಿದ್ದರೆ ಮುಂದೆ ಆ ಹೆಂಗಸರು ಬೀದಿಗೆ ಬೀಳ್ತಿದ್ದರು. ಆದರೆ ಯುದ್ಧ ಮುಗಿದು ನಲವತ್ತು ವರ್ಷ ಆದಮೇಲೂ ಆಯೋಗದ ಹತ್ತಿರ ದೊಡ್ಡ ಗಂಟು ಉಳಿದಿತ್ತು, ಈ ಕಡೆ ಕೈಚಾಚಿದ ವಿಧವೆಯರು ನಿಯಮದ ಹೆಸರಲ್ಲಿ ವಾಪಸ್ಸು ಹೋಗ್ತಿದ್ದರು. 1890ರ ದಶಕದಲ್ಲಿ ಪಾರ್ಲಿಮೆಂಟಿನ ಸಮಿತಿಯೇ ಕೂತು ವಿಚಾರಣೆ ಮಾಡಬೇಕಾಯಿತು. 1903ರಲ್ಲಿ ಕಾಯಿದೆ ತಂದು ಆ ಆಯೋಗವನ್ನು ತೆಗೆದು ಹೊಸ ನಿಗಮ ಮಾಡಿದರು.

ಅಷ್ಟರಲ್ಲಿ ಬೋಯರ್ ಯುದ್ಧ ಬಂದಿತ್ತು. 1899ರ ಅಕ್ಟೋಬರ್ ಕೊನೆಯಲ್ಲಿ ಕಿಪ್ಲಿಂಗ್ ಒಂದು ಪದ್ಯ ಬರೆದು ಪತ್ರಿಕೆಗೆ ಕೊಟ್ಟ. ಅದನ್ನು ಹಾಡಿ ಮಾರಿ ಸುಮಾರು ಎರಡೂವರೆ ಲಕ್ಷ ಪೌಂಡು ಎತ್ತಿದರು. ಕಿಪ್ಲಿಂಗ್ ನಮ್ಮನ್ನು ಆಳಿದವರ ಕವಿ, ಅವನ ಮೇಲೆ ನನಗೆ ಪ್ರೀತಿ ಇಲ್ಲ. ಆದರೂ ಸಿಪಾಯಿಯ ಮನೆಯವಳು ಅಪ್ಪಣೆ ಪಡೆದ ಹೆಂಡತಿಯೋ ಅಲ್ಲವೋ ಅಂತ ಕೆದಕದೆ ಕೊಡಿ ಅನ್ನೋ ಧಾಟಿ ಆ ಪದ್ಯದಲ್ಲಿತ್ತು ಅನ್ನೋದನ್ನು ಒಪ್ಪಬೇಕು. ರಾಣಿಯ ಆಯೋಗಕ್ಕೆ ಐವತ್ತು ವರ್ಷದಲ್ಲಿ ಹೊಳೆಯದ ಮಾತು ಅದು.

ಸಿಪಾಯಿಯ ವಿಧವೆಗೆ ಸರ್ಕಾರವೇ ಪಿಂಚಣಿ ಕೊಡಲು ಶುರುಮಾಡಿದ್ದು 1901ರಲ್ಲಿ. ವಾರಕ್ಕೆ 5 ಷಿಲಿಂಗ್. ಅದೂ ಪಟ್ಟಿಯಲ್ಲಿದ್ದ ಹೆಂಡಿರಿಗೆ ಮಾತ್ರ, ಉಳಿದವರು ಮತ್ತೆ ದಾನಿಗಳ ಬಾಗಿಲಿಗೇ ಹೋಗಬೇಕು. 1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಸಿಪಾಯಿಗಳ ಎಲ್ಲ ಹೆಂಡಿರಿಗೂ ಸರ್ಕಾರ ಭತ್ಯೆ ಕೊಟ್ಟಿತು. ದಾನ ಹೋಗಿ ಹಕ್ಕು ಬಂತು ಅಂತ ಖುಷಿಪಡೋ ಹೊತ್ತಿಗೆ, ಅದೇ ವರ್ಷ ಅಕ್ಟೋಬರಿನಲ್ಲಿ ಗೃಹ ಇಲಾಖೆಯಿಂದ ಪೊಲೀಸರಿಗೆ ಒಂದು ಸುತ್ತೋಲೆ ಹೋಯಿತು: ಭತ್ಯೆ ಪಡೆಯುವ ಹೆಂಗಸರ ಮೇಲೆ ಕಣ್ಣಿಡಿ, ಅಯೋಗ್ಯರ ಭತ್ಯೆ ನಿಲ್ಲಿಸಬೇಕು. ಗಂಡ ಕಂದಕದಲ್ಲಿ ಕೆಸರು ತಿಂತಿದ್ದಾನೆ, ಇಲ್ಲಿ ಪೊಲೀಸ್ನೋನು ಅವನ ಹೆಂಡತಿಯ ಬಾಗಿಲಲ್ಲಿ ಮೂಸುತ್ತಾ ನಿಂತಿದ್ದಾನೆ. ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಲಂಡನ್ನಿನ ಬಡ ಹೆಂಗಸರ ನಡುವೆ ನಿಂತು ಇದನ್ನು ವಿರೋಧಿಸಿದಳು. 1917ರಲ್ಲಿ ಹುಟ್ಟಿದ ವಿಶೇಷ ಅನುದಾನ ಸಮಿತಿ ಎನ್ನುವುದು ವಿಧವೆಯರ ನಡತೆಯ ಪಂಚಾಯ್ತಿಯನ್ನು ಕಾಯಂ ಕೆಲಸ ಮಾಡಿಕೊಂಡಿತು. ದಾನಿಗಳು ಕಲಿಸಿದ ಪಾಠವನ್ನು ಸರ್ಕಾರ ಮರೆಯಲಿಲ್ಲ.

ಇದನ್ನೆಲ್ಲ ಅವ್ವನಿಗೆ ಹೇಳಿದೆ. ಮರುಮದುವೆಯಾದರೆ ಹಣ ನಿಲ್ಲಿಸ್ತಿದ್ದರು ಅಂದಾಗ ಅವಳಿಗೆ ನಗು ಬಂತು. ನಮ್ಮ ಕೇರಿಯಲ್ಲಿ ಗಂಡ ಸತ್ತವಳು ಕೂಡಿಕೆ ಆಗೋದು ತಲೆತಲಾಂತರದ ಮಾತು, ಅದಕ್ಕೆ ಯಾರೂ ಅವಳ ಅನ್ನ ಕಿತ್ತುಕೊಳ್ಳಲಿಲ್ಲ. ಆದರೆ ದೆಹಲಿಯ ಕಾಗದದಲ್ಲಿ ಆ ನಿಯಮ ನಮಗೂ ಇತ್ತು. ಶೌರ್ಯ ಪದಕ ಪಡೆದವನ ವಿಧವೆ ಗಂಡನ ಅಣ್ಣತಮ್ಮಂದಿರನ್ನು ಬಿಟ್ಟು ಹೊರಗಿನವನನ್ನು ಮದುವೆಯಾದರೆ ಪದಕದ ಭತ್ಯೆ ನಿಲ್ಲುತ್ತಿತ್ತು. ಅದನ್ನು ತೆಗೆದದ್ದು 2017ರಲ್ಲಿ.

ಬ್ರಿಟನ್ನಿನಲ್ಲಿ 1975ರ ಪಿಂಚಣಿ ಯೋಜನೆಗೆ ಸೇರಿದ ಸೈನಿಕರ ವಿಧವೆಯರು ಮರುಮದುವೆಯಾದರೂ ಪಿಂಚಣಿ ಉಳಿಸಿಕೊಳ್ಳುವಂತಾದದ್ದು 2015ರ ಏಪ್ರಿಲಿನಲ್ಲಿ. ಅದಕ್ಕೂ ಮೊದಲೇ ಮದುವೆಯಾಗಿ ಪಿಂಚಣಿ ಕಳಕೊಂಡಿದ್ದವರಿಗೆ ಅದು ಮತ್ತೆ ಬರಲಿಲ್ಲ. ಅವರಿಗೆ ಒಂದೇ ಸಲಕ್ಕೆ 87,500 ಪೌಂಡು ಕೊಡುವ ಯೋಜನೆ ಶುರುವಾದದ್ದು 2023ರಲ್ಲಿ.