ಅರ್ಧ ಶತಮಾನ ಓಡಿದ ಕಾರುಗಳು

ಒಂದು ಮೋಟಾರು ಕಾರಿನ ಆಯುಸ್ಸು ಎಷ್ಟು? ಈ ಪ್ರಶ್ನೆಯನ್ನು ನಿಮ್ಮ ಮನೆಯ ಹಿರಿಯರಿಗೆ ಕೇಳಿ ನೋಡಿ. ಹತ್ತು ವರ್ಷ, ಹೆಚ್ಚೆಂದರೆ ಹದಿನೈದು ವರ್ಷ ಎಂದು ಅವರು ಹೇಳಿಯಾರು. ಆದರೆ 1960ರ ದಶಕದಲ್ಲಿ ತಯಾರಾದ ಅಂಬಾಸಡರ್ ಮತ್ತು ಫಿಯಟ್ ಕಾರುಗಳು ಇಂದಿಗೂ ನಮ್ಮ ಊರುಗಳಲ್ಲಿ ಅಲ್ಲಲ್ಲಿ ಓಡುತ್ತಿವೆ. ಅವುಗಳ ಒಡೆಯರಲ್ಲಿ ಕೆಲವರು ತಂದೆಯಿಂದ, ಕೆಲವರು ಅಜ್ಜನಿಂದ ಆ ಕಾರನ್ನು ಪಡೆದವರು. ಹೊಸ ಕಾರು ಕೊಳ್ಳುವ ಶಕ್ತಿ ಇದ್ದರೂ ಹಳೆಯದನ್ನು ಅವರು ಬಿಟ್ಟುಕೊಡುವುದಿಲ್ಲ.

ಇಷ್ಟು ವರ್ಷ ಒಂದೇ ಕಾರನ್ನು ಇಟ್ಟುಕೊಂಡು ಓಡಿಸುವುದರಲ್ಲಿ ಅಂಥ ಸಂತೋಷ ಏನಿದೆ? ಇದು ಹಣವುಳ್ಳವರ ಹವ್ಯಾಸ ಮಾತ್ರವೇ? ಉತ್ತರ ಹುಡುಕುತ್ತ ಹೊರಟರೆ ನಾವು ನಮ್ಮ ದೇಶದ ಕೈಗಾರಿಕೆಯ ಚರಿತ್ರೆಗೇ ಬಂದು ತಲುಪುತ್ತೇವೆ.

ಹಳೆಯದಕ್ಕೆ ಬೆಲೆ ಬಂದ ಬಗೆ

ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಕೋರಿದ್ದು 1886ರ ಜನವರಿಯಲ್ಲಿ. ಅಲ್ಲಿಂದ ಮುಂದೆ ಸುಮಾರು ನಾಲ್ಕು ದಶಕಗಳ ಕಾಲ ಹಳೆಯ ಕಾರು ಎಂದರೆ ಗುಜರಿಯ ಸಾಮಾನು ಎಂದೇ ಹೆಚ್ಚಿನ ಜನರ ಭಾವನೆಯಾಗಿತ್ತು. ಇಂಗ್ಲೆಂಡಿನಲ್ಲಿ ಮೋಟಾರು ವಾಹನಗಳ ಮೇಲಿದ್ದ ಬಿಗಿಯಾದ ನಿರ್ಬಂಧಗಳು ಸಡಿಲವಾದಾಗ, 1896ರ ನವೆಂಬರ್ 14ರಂದು ಮೋಟಾರು ಪ್ರಿಯರು ಲಂಡನ್ನಿನಿಂದ ಬ್ರೈಟನ್ ಪಟ್ಟಣದವರೆಗೆ ಸಂಭ್ರಮದ ಓಟ ನಡೆಸಿದ್ದರು. 1927ರಲ್ಲಿ ಅದರ ನೆನಪಿಗಾಗಿ ಹಳೆಯ ಕಾರುಗಳನ್ನೇ ಕಲೆಹಾಕಿ ಅದೇ ದಾರಿಯಲ್ಲಿ ಮತ್ತೆ ಓಡಿಸಿದರು. 1905ಕ್ಕಿಂತ ಮೊದಲು ತಯಾರಾದ ಕಾರುಗಳ ಆ ಓಟ ಇಂದಿಗೂ ನಡೆಯುತ್ತ ಬಂದಿದೆ. ಹಳೆಯ ಯಂತ್ರಕ್ಕೂ ಒಂದು ಗೌರವವಿದೆ ಎಂಬ ಭಾವನೆ ಜನರಲ್ಲಿ ಬೇರೂರಿದ್ದು ಇಂಥ ಓಟಗಳಿಂದ.

ನಮ್ಮ ದೇಶದಲ್ಲಿ 1964ರಲ್ಲಿ 'ದಿ ಸ್ಟೇಟ್ಸ್‌ಮನ್' ಪತ್ರಿಕೆ ದೆಹಲಿಯಲ್ಲಿ ಹಳೆಯ ಕಾರುಗಳ ರ್‍ಯಾಲಿಯನ್ನು ಆರಂಭಿಸಿತು. ಆಗ ಅದರಲ್ಲಿ ಗಮನ ಸೆಳೆಯುತ್ತಿದ್ದುದು ಮಹಾರಾಜರ ವೈಭವದ ವಿದೇಶಿ ಕಾರುಗಳು. ಅಂದು ರಸ್ತೆಯಲ್ಲಿ ಸಾಮಾನ್ಯವಾಗಿ ಓಡಾಡುತ್ತಿದ್ದ ಅಂಬಾಸಡರ್, ಫಿಯಟ್‌ಗಳೂ ಒಂದು ದಿನ ಅದೇ ಸಾಲಿಗೆ ಸೇರುತ್ತವೆ ಎಂದು ಆಗ ಯಾರು ಎಣಿಸಿದ್ದರು?

ನಮ್ಮ ಕಾರುಗಳ ಕಥೆ

ಭಾರತದಲ್ಲಿ ಕಾರು ತಯಾರಾಗಬೇಕೆಂಬ ಕನಸಿಗೆ ಮೊದಲು ಸ್ಪಷ್ಟ ರೂಪ ಕೊಟ್ಟವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು ಎಂಬುದನ್ನು ನೀವು ನೆನಪಿಡಬೇಕು. ಅಣೆಕಟ್ಟು, ಉಕ್ಕಿನ ಕಾರ್ಖಾನೆಗಳ ಜೊತೆಗೆ ನಾವು ಅವರನ್ನು ಸ್ಮರಿಸುತ್ತೇವೆ. ಮೋಟಾರು ಕಾರಿನ ವಿಷಯ ಅಷ್ಟಾಗಿ ಯಾರಿಗೂ ತಿಳಿದಿಲ್ಲ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಅವರು ಯೂರೋಪ್ ಮತ್ತು ಅಮೆರಿಕ ದೇಶಗಳಲ್ಲಿ ಸಂಚರಿಸಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಅಧ್ಯಯನ ಮಾಡಿ ಬಂದು ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅದಕ್ಕೆ ಕೈಜೋಡಿಸಿದರು. ಕಾರ್ಖಾನೆಯನ್ನು ಮುಂಬಯಿಯಲ್ಲಿ ತೆರೆಯುವ ಯತ್ನ ನಡೆಯಿತು. ಮೈಸೂರು ಸಂಸ್ಥಾನದಲ್ಲಿ ತೆರೆಯುವ ಯತ್ನವೂ ನಡೆಯಿತು. ಆದರೆ ಅಂದಿನ ಬ್ರಿಟಿಷ್ ಸರ್ಕಾರದ ಸಹಕಾರ ದೊರೆಯದೆ ಬೆಂಗಳೂರಿಗೆ ಆ ಭಾಗ್ಯ ಬರಲಿಲ್ಲ. ಅದೇ ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯನ್ನು ಕಟ್ಟಿದರು. ಅದಕ್ಕೆ ಮೊದಲೇ, 1942ರಲ್ಲಿ, ಬಿರ್ಲಾ ಕುಟುಂಬದವರು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯನ್ನು ಆರಂಭಿಸಿದ್ದರು. ಗುಜರಾತಿನ ಓಖಾ ಬಂದರಿನಲ್ಲಿ ಮೊದಲುಗೊಂಡ ಅದರ ಕೆಲಸ ಸ್ವಾತಂತ್ರ್ಯಾನಂತರ ಬಂಗಾಳದ ಉತ್ತರಪಾಡಾಕ್ಕೆ ಸ್ಥಳಾಂತರವಾಯಿತು.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯೇ 1957-58ರಲ್ಲಿ ಉತ್ತರಪಾಡಾದಲ್ಲಿ ಅಂಬಾಸಡರ್ ಎಂಬ ಹೆಸರು ಪಡೆಯಿತು. ತವರಿನಲ್ಲಿ ಆ ಮಾದರಿಯ ಉತ್ಪಾದನೆ 1959ರಲ್ಲಿ ನಿಂತುಹೋಯಿತು. ಭಾರತದಲ್ಲಾದರೋ ಅದೇ ಗುಂಡನೆಯ ದೇಹ 2014ರ ಮೇ ತಿಂಗಳವರೆಗೆ ತಯಾರಾಗುತ್ತಲೇ ಇತ್ತು. ಇತ್ತ ಮುಂಬಯಿಯಲ್ಲಿ ಇಟಲಿಯ ಫಿಯಟ್ 1100 ಕಾರು 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ತಳೆಯಿತು.

ಕೊರತೆ ಕಲಿಸಿದ ಪಾಠ

ಈ ಕಾರುಗಳು ಅಷ್ಟು ದೀರ್ಘಕಾಲ ಬಾಳಿದ್ದು ಏಕೆ? ಮೊದಲ ಕಾರಣ ಆರ್ಥಿಕವಾದದ್ದು. ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಕಾರುಗಳ ಆಮದನ್ನು ತಡೆದಿತ್ತು. ಉತ್ಪಾದನೆಗೂ ಪರವಾನಗಿಯ ಮಿತಿ ಇತ್ತು. ಹಣ ಕಟ್ಟಿದವರು ಹೊಸ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಅಷ್ಟು ಕಾದು ಪಡೆದ ಕಾರನ್ನು ಯಾರು ತಾನೆ ಸುಲಭವಾಗಿ ಎಸೆದಾರು? ಕೆಟ್ಟರೆ ರಿಪೇರಿ, ಸವೆದರೆ ಬದಲಿ ಭಾಗ, ತುಕ್ಕು ಹಿಡಿದರೆ ಬೆಸುಗೆ. ಹೀಗೆ ಕಾರನ್ನು ಉಳಿಸಿಕೊಳ್ಳುವುದೇ ಸಂಸಾರದ ಜಾಣತನವಾಯಿತು.

ಎರಡನೆಯ ಕಾರಣ ಯಂತ್ರದ ರಚನೆಯಲ್ಲಿದೆ. ಅಂಬಾಸಡರಿನ 1489 ಸಿ.ಸಿ. ಎಂಜಿನ್ ಇಂದಿನ ಎಂಜಿನ್‌ಗಳಂತೆ ಚುರುಕಾದದ್ದಲ್ಲ. ಗಾತ್ರಕ್ಕೆ ಹೋಲಿಸಿದರೆ ಅದು ಕೊಡುತ್ತಿದ್ದ ಶಕ್ತಿ ಕಡಿಮೆ; ಆದ್ದರಿಂದ ಅದರ ಭಾಗಗಳ ಮೇಲೆ ಬೀಳುತ್ತಿದ್ದ ಒತ್ತಡವೂ ಕಡಿಮೆ. ಸಿಲಿಂಡರ್ ಸವೆದರೆ ಅದರ ಒಳಮೈಯನ್ನು ಕೊರೆದು ಕೊಂಚ ದೊಡ್ಡ ಅಳತೆಯ ಪಿಸ್ಟನ್ ಕೂರಿಸಬಹುದು. ಕ್ರ್ಯಾಂಕ್‌ಶಾಫ್ಟ್ ಸವೆದರೆ ಅದನ್ನು ಉಜ್ಜಿ ನಯಗೊಳಿಸಿ ತಕ್ಕ ಅಳತೆಯ ಬೇರಿಂಗ್ ಹಾಕಬಹುದು. ಒಂದು ಎಂಜಿನ್ ಹೀಗೆ ಹಲವು ಸಲ ಮರುಹುಟ್ಟು ಪಡೆಯುತ್ತದೆ. ಮಾದರಿ ಬಹುಕಾಲ ಬದಲಾಗದಿದ್ದುದರಿಂದ ಹಳೆಯ ಕಾರಿಗೆ ಹೊಸ ಕಾರಿನ ಎಷ್ಟೋ ಭಾಗಗಳು ಒಗ್ಗುತ್ತಿದ್ದವು.

ಮೂರನೆಯ ಕಾರಣ ಜನ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಶಿವಾಜಿನಗರದ ಅಂಗಡಿ ಸಾಲುಗಳನ್ನು ನೀವು ನೋಡಿರಬಹುದು. ಇಂಥ ಬೀದಿಗಳು ಹಲವು ಊರುಗಳಲ್ಲಿ ಬೆಳೆದವು. ಲೇತ್ ಯಂತ್ರದ ಮುಂದೆ ನಿಂತು, ಸಿಗದ ಭಾಗವನ್ನು ಕಬ್ಬಿಣದ ತುಂಡಿನಿಂದ ಕಡೆದು ಕೊಡುವ ಕುಶಲಿಗಳು, ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುವ ಮೇಸ್ತ್ರಿಗಳು ಅಲ್ಲಿ ತಯಾರಾದರು. ಅವರಲ್ಲಿ ಬಹುಮಂದಿ ತಾಂತ್ರಿಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹುಡುಗರಾಗಿದ್ದಾಗ ಪಾನಾ ಎತ್ತಿಕೊಡುತ್ತ ವಿದ್ಯೆ ಕಲಿತವರು.

ಓಡಿಸುವ ಸಂತೋಷ

ಈಗ ಸಂತೋಷದ ವಿಷಯಕ್ಕೆ ಬರೋಣ. ಇಂದಿನ ಕಾರನ್ನು ಓಡಿಸುವವನಿಗೆ ಎಂಜಿನ್ನಿನ ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದ ಅಗತ್ಯವಿಲ್ಲ. ಹಳೆಯ ಕಾರು ಹಾಗಲ್ಲ. ಚಳಿಗಾಲದ ಬೆಳಿಗ್ಗೆ ಅದನ್ನು ಎಬ್ಬಿಸಲು ಚೋಕ್ ಎಳೆಯಬೇಕು. ಆಗ ಕಾರ್ಬ್ಯುರೇಟರಿನಲ್ಲಿ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಬೆಚ್ಚಗಾದಂತೆ ಸದ್ದಿನ ಬದಲಾವಣೆಯನ್ನು ಕೇಳಿ ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ತಳ್ಳಬೇಕು. ಬ್ಯಾಟರಿ ಸೋತಿದ್ದರೆ ಮುಂಭಾಗದಿಂದ ಹ್ಯಾಂಡಲ್ ತೂರಿಸಿ ಕೈಯಿಂದಲೇ ತಿರುಗಿಸಿ ಚಾಲೂ ಮಾಡಬಹುದು.

ಗೇರು ಸ್ಟಿಯರಿಂಗ್ ಚಕ್ರದ ಪಕ್ಕದಲ್ಲಿ. ಹಳೆಯ ಅಂಬಾಸಡರಿನ ಮೊದಲನೆಯ ಗೇರಿಗೆ ಸಿಂಕ್ರೋಮೆಶ್ ಇಲ್ಲ. ಕಾರು ಚಲಿಸುತ್ತಿರುವಾಗ ಆ ಗೇರಿಗೆ ಇಳಿಯಬೇಕಾದರೆ ಕ್ಲಚ್ಚನ್ನು ಎರಡು ಬಾರಿ ಒತ್ತಿ, ನಡುವೆ ಎಂಜಿನ್ನಿನ ವೇಗ ಏರಿಸಿ, ಹಲ್ಲುಗಳು ಕಿರುಗುಟ್ಟದಂತೆ ಕೂರಿಸಬೇಕು. ಬೇಸಿಗೆಯಲ್ಲಿ ಆಗುಂಬೆ ಅಥವಾ ಚಾರ್ಮಾಡಿ ಘಾಟಿಯನ್ನು ಏರುವಾಗ ಬಿಸಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಎಂಜಿನ್ ನಿಂತುಬಿಡಬಹುದು. ಬಲ್ಲವರು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಮರದ ನೆರಳಿನಲ್ಲಿ ಕೊಂಚ ಹೊತ್ತು ಕಾದು, ಮುಂದೆ ಸಾಗುತ್ತಿದ್ದರು. ನೀವು ಪುಸ್ತಕದಲ್ಲಿ ಓದುವ ಬಾಷ್ಪೀಕರಣದ ಪಾಠ ಅಲ್ಲಿ ರಸ್ತೆಯ ಬದಿಯಲ್ಲೇ ನಡೆಯುತ್ತಿತ್ತು.

ಇನ್ನೊಂದು ಉದಾಹರಣೆ ನೋಡಿ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕಳಿಸುವ ಡಿಸ್ಟ್ರಿಬ್ಯೂಟರಿನಲ್ಲಿ ತೆರೆದು ಮುಚ್ಚುವ ಪುಟ್ಟ 'ಪಾಯಿಂಟ್'ಗಳಿರುತ್ತವೆ. ಅವುಗಳ ನಡುವಿನ ಅಂತರ ಸುಮಾರು 0.4 ಮಿಲಿಮೀಟರ್. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಅವು ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತವೆ. ಈ ಅಂತರ ಕೂದಲೆಳೆಯಷ್ಟು ತಪ್ಪಿದರೂ ಕಾರು ಕೆಮ್ಮತೊಡಗುತ್ತದೆ. ಒಡೆಯ ಒಂದು ತೆಳು ಅಳತೆಪಟ್ಟಿ, ಒಂದು ಸ್ಕ್ರೂಡ್ರೈವರ್ ಹಿಡಿದು ಅದನ್ನು ಮನೆಯ ಮುಂದೆಯೇ ಸರಿಪಡಿಸಬಲ್ಲ. ಮುಗಿಸಿ ಚಾಲೂ ಮಾಡಿದಾಗ ಎಂಜಿನ್ ಒಂದೇ ಹದದಲ್ಲಿ ಮೆಲ್ಲಗೆ ಗುನುಗುವುದನ್ನು ಕೇಳುವ ತೃಪ್ತಿ ಬೇರೆಯೇ. ವರ್ಷಾನುಗಟ್ಟಲೆ ಒಂದೇ ಕಾರನ್ನು ಓಡಿಸುವವರ ಸಂತೋಷದ ಮೂಲ ಇಲ್ಲಿದೆ. ಅವರು ಆ ಯಂತ್ರವನ್ನು ಒಳಗೂ ಹೊರಗೂ ಬಲ್ಲರು.

ಒಬ್ಬ ಮೇಷ್ಟ್ರ ಕಾರು

ಈ ಮಾತು ನಮ್ಮ ದೇಶಕ್ಕೆ ಮಾತ್ರ ಅನ್ವಯಿಸುವುದಲ್ಲ. ಕೊರತೆಯೇ ಇಲ್ಲದ ಅಮೆರಿಕದಲ್ಲೂ ಇರ್ವ್ ಗೋರ್ಡನ್ ಎಂಬ ವಿಜ್ಞಾನದ ಮೇಷ್ಟ್ರು ಒಬ್ಬರಿದ್ದರು. ನ್ಯೂಯಾರ್ಕ್ ರಾಜ್ಯದ ಅವರು 1966ರಲ್ಲಿ ಸ್ವೀಡನ್ನಿನ ಕೆಂಪು ವೋಲ್ವೋ ಪಿ1800 ಕಾರೊಂದನ್ನು ಕೊಂಡರು. ಶಾಲೆಗೆ ಹೋಗಿ ಬರಲು ದಿನಕ್ಕೆ ಸುಮಾರು 200 ಕಿಲೋಮೀಟರ್ ಓಡಾಟ. ಅವರು ಮಾಡಿದ್ದು ಇಷ್ಟೆ: ಕಾರಿನ ಜೊತೆ ಬಂದ ಕೈಪಿಡಿಯನ್ನು ಶ್ರದ್ಧೆಯಿಂದ ಓದಿ, ಹೇಳಿದ ಹೊತ್ತಿಗೆ ಎಣ್ಣೆ ಬದಲಿಸಿ, ಚಿಕ್ಕ ದೋಷವನ್ನು ದೊಡ್ಡದಾಗಲು ಬಿಡದೆ ನೋಡಿಕೊಂಡರು. 1998ರಲ್ಲಿ ಅವರ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು. 2013ರಲ್ಲಿ ಅಲಾಸ್ಕಾದಲ್ಲಿ ಅದೇ ಕಾರು 30 ಲಕ್ಷ ಮೈಲಿ, ಎಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಪೂರೈಸಿತು. ಭೂಮಿಯಿಂದ ಚಂದ್ರನಿಗೆ ಆರು ಬಾರಿ ಹೋಗಿ ಬಂದಷ್ಟು ದೂರ! 2018ರಲ್ಲಿ ಗೋರ್ಡನ್ ತೀರಿಕೊಳ್ಳುವವರೆಗೂ ಆ ಕಾರು ಅವರದೇ ಆಗಿತ್ತು.

ನಾಣ್ಯದ ಇನ್ನೊಂದು ಮುಖ

ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎಂದು ತಿಳಿಯಬಾರದು. ಹಳೆಯ ಅಂಬಾಸಡರ್ ಇಂಧನವನ್ನು ಧಾರಾಳವಾಗಿ ಕುಡಿಯುತ್ತದೆ. ಅದರ ಹೊಗೆಯಲ್ಲಿ ವಿಷಾನಿಲಗಳು ಹೆಚ್ಚು. ಬ್ರೇಕುಗಳು ಇಂದಿನ ವೇಗಕ್ಕೆ ತಕ್ಕವಲ್ಲ. ಅಪಘಾತವಾದರೆ ರಕ್ಷಿಸುವ ಗಾಳಿಚೀಲಗಳಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಜನ ಅದಕ್ಕೆ ಮುಗಿಬಿದ್ದದ್ದು ಸಕಾರಣವಾಗಿಯೇ. ಇಂಧನವೂ ಬದಲಾಗುತ್ತ ಬಂದಿದೆ. 2000ರಲ್ಲಿ ಸೀಸ ಬೆರೆತ ಪೆಟ್ರೋಲು ದೇಶದಲ್ಲಿ ನಿಂತಿತು. ಆರೋಗ್ಯದ ದೃಷ್ಟಿಯಿಂದ ಅದು ಅತ್ಯಂತ ಅಗತ್ಯವಾದ ಹೆಜ್ಜೆ. ಆದರೆ ಆ ಸೀಸವೇ ಹಳೆಯ ಎಂಜಿನ್ನುಗಳ ಕವಾಟದ ಪೀಠಗಳನ್ನು ಸವೆಯದಂತೆ ಕಾಯುತ್ತಿದ್ದುದರಿಂದ, ಗಟ್ಟಿ ಲೋಹದ ಪೀಠಗಳನ್ನು ಹೊಸದಾಗಿ ಕೂರಿಸಬೇಕಾಯಿತು. ಈಗ ಶೇಕಡ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಹಳೆಯ ರಬ್ಬರ್ ಕೊಳವೆಗಳನ್ನೂ ಬದಲಿಸಬೇಕಾಗಿದೆ.

ಕಾನೂನು ಕೂಡ ಇದನ್ನು ಗಮನಿಸಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮಗಳ ಪ್ರಕಾರ, 50 ವರ್ಷ ಮೀರಿದ, ಮೂಲ ರೂಪ ಕೆಡದ ವಾಹನಗಳು 'ವಿಂಟೇಜ್' ಎಂದು ನೋಂದಣಿ ಪಡೆಯಬಹುದು. ಅಂಥವನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿ ಮುಂತಾದವಕ್ಕೆ ರಸ್ತೆಗೆ ತರಬಹುದು. ದಿನನಿತ್ಯದ ಬಳಕೆಗೆ ಅಲ್ಲ. ಎಲ್ಲ ಹಳೆಯ ಕಾರುಗಳಿಗೂ ಈ ಅದೃಷ್ಟವಿಲ್ಲ. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪ್ರೀಮಿಯರ್ ಪದ್ಮಿನಿ, 20 ವರ್ಷಗಳ ಮಿತಿ ಮುಗಿದು, 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿಯಿತು.

ಉಳಿಸಬೇಕಾದದ್ದು ಯಾವುದು?

ಕಾರುಗಳನ್ನು ಉಳಿಸುವವರು ಇದ್ದಾರೆ. ನಮ್ಮ ರಾಜ್ಯದಲ್ಲೇ ಧರ್ಮಸ್ಥಳದ ಹಳೆಯ ಕಾರುಗಳ ಸಂಗ್ರಹ ಪ್ರಸಿದ್ಧವಾಗಿದೆ. ಪ್ರವಾಸಕ್ಕೆ ಹೋದಾಗ ತಪ್ಪದೆ ನೋಡಿ. ಆದರೆ ಕಾರಿಗಿಂತ ಬೇಗ ಕಣ್ಮರೆಯಾಗುತ್ತಿರುವುದು ಅದನ್ನು ಬದುಕಿಸಿದ ವಿದ್ಯೆ. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ಕೈಗಳಿಗೆ ಈಗ ವಯಸ್ಸಾಗಿದೆ. ಆ ಮೇಸ್ತ್ರಿಗಳು ಬಲ್ಲದ್ದನ್ನು ಬರೆದಿಟ್ಟವರು ಕಡಿಮೆ; ಅವರ ಮಕ್ಕಳು ಬೇರೆ ಕಸುಬು ಹಿಡಿದಿದ್ದಾರೆ. ಗಾಜಿನ ಹಿಂದೆ ನಿಲ್ಲಿಸಿದ ಕಾರು ನೋಡಲು ಚೆನ್ನ, ಆದರೆ ಅದನ್ನು ಚಾಲೂ ಮಾಡಬಲ್ಲವರು ಇಲ್ಲವಾದರೆ ಅದು ಬರಿಯ ಲೋಹದ ಬೊಂಬೆ.

ನಿಮ್ಮ ಊರಿನಲ್ಲೂ ಒಬ್ಬ ಹಳೆಯ ಮೆಕ್ಯಾನಿಕ್ ಇರಬಹುದು. ಒಂದು ಬಿಡುವಿನ ದಿನ ನೋಟ್‌ಬುಕ್ ಹಿಡಿದು ಅವರ ಬಳಿ ಹೋಗಿ. ಮೊದಲು ಕಲಿತದ್ದು ಯಾರಿಂದ, ಸಿಗದ ಭಾಗವನ್ನು ಹೇಗೆ ತಯಾರಿಸುತ್ತಿದ್ದರು, ಸದ್ದಿನಿಂದ ದೋಷ ತಿಳಿಯುವುದು ಹೇಗೆ ಎಂದು ಕೇಳಿ ಬರೆದುಕೊಳ್ಳಿ. ಇಂಥ ಬರಹಗಳೂ ಚರಿತ್ರೆಯ ಆಕರಗಳೇ. ಸಾಧ್ಯವಾದರೆ ಪಾಯಿಂಟ್ ಸರಿಪಡಿಸುವುದನ್ನು ನಿಮ್ಮ ಕೈಯಿಂದಲೇ ಒಮ್ಮೆ ಮಾಡಿ ನೋಡಿ. ಹಳೆಯ ಕಾರಿನ ಒಡೆಯರು ಇಷ್ಟು ವರ್ಷ ಅದನ್ನು ಏಕೆ ಬಿಡಲಿಲ್ಲ ಎಂಬುದು ಆಗ ನಿಮಗೇ ತಿಳಿದೀತು.