ತಿಪ್ಪೆಗುಂಡಿಗೆ ಬಿದ್ದ ಊರಿನ ಹೆಸರು

ಕೈತೋಟದ ಏರುಮಡಿಗೆ ನಾವು ಹಾಕುವ ಕಾಂಪೋಸ್ಟಿಗೆ ಎರಡು ಊರಿನ ಹೆಸರಿದೆ: ಇಂದೋರ್, ಬೆಂಗಳೂರು. 1924ರಿಂದ 1931ರವರೆಗೆ ಇಂದೋರಿನಲ್ಲಿದ್ದ ಆಲ್ಬರ್ಟ್ ಹೊವಾರ್ಡ್ ಕಸಕಡ್ಡಿ, ಸಗಣಿ, ಬೂದಿ, ಗಂಜಲ ನೆನೆದ ಮಣ್ಣನ್ನು ಪದರ ಪದರವಾಗಿ ಹಾಕಿಸಿ, ಮಗುಚಿಸಿ, 3 ತಿಂಗಳಲ್ಲಿ ಗೊಬ್ಬರ ಮಾಡಿಸಿದರು. ನಮ್ಮ ರೈತರೇ ತಮ್ಮ ಗುರುಗಳೆಂದೂ ಬರೆದರು. ಆದರೆ ಮಗುಚಲು ಆಳು ಬೇಕಲ್ಲ!

1939ರಲ್ಲಿ ಬೆಂಗಳೂರಿನಲ್ಲಿ ಸಿ.ಎನ್. ಆಚಾರ್ಯರು ರೂಪಿಸಿದ ವಿಧಾನದಲ್ಲಿ ಗುಂಡಿ ತುಂಬಿಸಿ ಮೇಲೆ ಮಣ್ಣು ಮೆತ್ತಿದರೆ ಮುಗಿಯಿತು; 6ರಿಂದ 8 ತಿಂಗಳು ಕಾಯಬೇಕಷ್ಟೆ. ಅದು ಹುಟ್ಟಿದ್ದು ಪಟ್ಟಣದ ಕಸ, ಮಲ ಕರಗಿಸಲು. ಆ ಮಲ ಹೊತ್ತವರ ಹೆಸರು ಯಾವ ವಿಧಾನಕ್ಕೂ ಬೀಳಲಿಲ್ಲ. ನಮಗೆ ಇದು ಸಣ್ಣ ವಿಷಯವಲ್ಲ.

ಮನೆಯ ಗುಂಡಿಗೆ ಸಗಣಿ, ತರಕಾರಿ ಸಿಪ್ಪೆ, ಒಣಗಿದ ಎಲೆ ಸಾಕು. ದೀಪಾವಳಿಗೆ ಮುಚ್ಚಿದರೆ ಮುಂಗಾರಿನ ಬದನೆ ಸಸಿಗೆ ಗೊಬ್ಬರ ಸಿದ್ಧ.